ಉಪವನ, ಬಯಲು, ಉದ್ಯಾನ: ಮಾನ್ಯಖೇಟದ ನೆಲದಲ್ಲಿ ವಿಹಾರದ ಕಲ್ಪನೆ

1. ಪೀಠಿಕೆ

ಒಂದು ಊರಿನ ಸಾಂಸ್ಕೃತಿಕ ಜೀವನವನ್ನು ವಿವರಿಸುವ ಬರಹಗಳಲ್ಲಿ ಉದ್ಯಾನ, ರಂಗಮಂದಿರ, ಆಟದ ಮೈದಾನ, ವಿಹಾರತಾಣಗಳ ವರ್ಣನೆಗೆ ನಿಶ್ಚಿತವಾದ ಸ್ಥಾನವೊಂದಿದೆ. ಗ್ಯಾಸೆಟಿಯರುಗಳು, ನಗರಾಡಳಿತದ ವರದಿಗಳು, ಪ್ರವಾಸಿ ಕೈಪಿಡಿಗಳು ಈ ಕ್ರಮವನ್ನು ರೂಢಿಗೆ ತಂದಿವೆ. ಈ ಕ್ರಮಕ್ಕೆ ಸುಲಭವಾಗಿ ಒಗ್ಗುವುದು ಕರಾವಳಿಯ ನಗರ. ಮಂಗಳೂರನ್ನೇ ತೆಗೆದುಕೊಂಡರೆ ಕದ್ರಿ ಉದ್ಯಾನ, ಬಾವುಟಗುಡ್ಡೆಯ ಠಾಗೋರ್ ಉದ್ಯಾನ, ನೆಹರೂ ಮೈದಾನ, ಕುದ್ಮುಲ್ ರಂಗರಾಯರ ಹೆಸರಿನ ಪುರಭವನ, ಪಣಂಬೂರಿನ ಕಡಲತೀರ, ಹೊರವಲಯದ ಪಿಲಿಕುಳ ನಿಸರ್ಗಧಾಮ ಎಂದು ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಹಸಿರು, ನೀರು, ಸಂಜೆಯ ಗಾಳಿ ಇವು ಅಲ್ಲಿ ಸಂಸ್ಕೃತಿಯ ಭಾಗವೆಂದೇ ಪರಿಗಣಿತವಾಗಿವೆ.

ಇದೇ ಅಳತೆಗೋಲನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಗೆ ಹಿಡಿದರೆ ದೊರೆಯುವ ಉತ್ತರ 'ಕೊರತೆ' ಎಂಬ ಒಂದೇ ಮಾತು. ಸುಣ್ಣಕಲ್ಲಿನ ನೆಲ, ತೊಗರಿ-ಜೋಳದ ಹೊಲ, ಕಲ್ಲುಗಣಿ, ಸಿಮೆಂಟ್ ಕಾರ್ಖಾನೆ, ರೈಲು ಜಂಕ್ಷನ್ನುಗಳ ಈ ಪ್ರದೇಶಕ್ಕೆ ವಿಹಾರವೆಂಬುದೇ ಇಲ್ಲವೆಂಬ ಭಾವನೆ ಅಭಿವೃದ್ಧಿಯ ಚರ್ಚೆಯಲ್ಲಿಯೂ ಸಾಹಿತ್ಯದ ಚರ್ಚೆಯಲ್ಲಿಯೂ ಬೇರೂರಿದೆ. ಆದರೆ ಕನ್ನಡ ಕಾವ್ಯದಲ್ಲಿ ಉದ್ಯಾನಕ್ರೀಡೆಯ ವರ್ಣನೆಯನ್ನು ಮಹಾಕಾವ್ಯದ ಅಂಗವೆಂದು ಶಾಸ್ತ್ರೀಕರಿಸಿದ ಪರಂಪರೆ ನೆಲೆಗೊಂಡದ್ದು ಇದೇ ನೆಲದ ರಾಜಧಾನಿಯಾದ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಸೇಡಂ ತಾಲೂಕಿನ ಮಳಖೇಡದಲ್ಲಿ. ಈ ವೈರುಧ್ಯವನ್ನು ವಿಮರ್ಶೆ ಗಂಭೀರವಾಗಿ ಎದುರಿಸಿಲ್ಲ. ಕಾವ್ಯದ ಉಪವನವನ್ನು ಅಲಂಕಾರವೆಂದೂ ಜನರ ಬಯಲನ್ನು ಜಾನಪದವೆಂದೂ ಪಟ್ಟಣದ ಉದ್ಯಾನವನ್ನು ಆಡಳಿತದ ವಿಷಯವೆಂದೂ ಮೂರು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟು ನೋಡುವುದು ನಮ್ಮ ಅಧ್ಯಯನದ ರೂಢಿಯಾಗಿದೆ. ಈ ಮೂರನ್ನೂ ಒಂದೇ ಪ್ರಶ್ನೆಯ ಮುಖಗಳೆಂದು ಓದಬೇಕೆಂಬುದು ಪ್ರಸ್ತುತ ಲೇಖನದ ನಿಲುವು. ಆ ಪ್ರಶ್ನೆ ಇಷ್ಟೆ: ವಿಹಾರದ ನೆಲ ಯಾರದು? ಅದರ ವೇಳೆಯನ್ನು ಗೊತ್ತುಪಡಿಸುವವರು ಯಾರು? ಅಲ್ಲಿಗೆ ಯಾರಿಗೆ ಪ್ರವೇಶವಿದೆ?

2. ಪದಗಳ ಸಾಕ್ಷ್ಯ

'ಮನರಂಜನೆ' ಎಂಬುದು ಈ ಚರ್ಚೆಯಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಪದ. ಅದು ನೋಡುವವನ ಮನಸ್ಸನ್ನು ಕೇಂದ್ರವಾಗಿಟ್ಟುಕೊಂಡ ಪದ. ನೆಲದ ಸೂಚನೆ ಅದರಲ್ಲಿಲ್ಲ. ಇದಕ್ಕೆ ಹೋಲಿಸಿದರೆ 'ವಿಹಾರ' ಹೆಚ್ಚು ಸಂಕೀರ್ಣವಾದ ಪದ. ಕಾವ್ಯದಲ್ಲಿ ಅದು ವನವಿಹಾರ, ಜಲವಿಹಾರಗಳ ಸುಖಸಂಚಾರ. ಬೌದ್ಧರಲ್ಲಿ ಭಿಕ್ಷುಗಳ ವಾಸಸ್ಥಾನ. ಜೈನರಲ್ಲಿ ಒಂದೆಡೆ ನೆಲೆ ನಿಲ್ಲದೆ ನಡೆಯುವ ಮುನಿಯ ಸಂಚಾರ. ಈ ಮೂರೂ ಅರ್ಥಗಳಿಗೆ ಈ ಪ್ರದೇಶದಲ್ಲಿ ಆಧಾರಗಳಿವೆ. ಚಿತ್ತಾಪುರ ತಾಲೂಕಿನ ಭೀಮಾತೀರದ ಸನ್ನತಿ ಮತ್ತು ಕನಗನಹಳ್ಳಿಗಳು ಬೌದ್ಧ ನೆಲೆಗಳು. 1990ರ ದಶಕದಲ್ಲಿ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಿಂದ ಮಹಾಸ್ತೂಪವೂ ಅಶೋಕನ ಹೆಸರನ್ನು ಕೊರೆದ ಉಬ್ಬುಶಿಲ್ಪವೂ ಬೆಳಕಿಗೆ ಬಂದವು. ಮಳಖೇಡವು ಜೈನರ ಭಟ್ಟಾರಕ ಪೀಠವಿದ್ದ ಸ್ಥಳ. ನೇಮಿನಾಥ ಬಸದಿ ಈಗಲೂ ಅಲ್ಲಿದೆ. ಸುಖಕ್ಕಾಗಿ ಸುತ್ತುವುದು ಮತ್ತು ಸುಖವನ್ನು ಬಿಟ್ಟು ಸುತ್ತುವುದು ಎರಡಕ್ಕೂ ಒಂದೇ ಪದವಿರುವ ಪರಂಪರೆಯಲ್ಲಿ ವಿಹಾರವೆಂಬುದು ಬಿಡುವಿನ ವೇಳೆಯ ಹಗುರವಾದ ಚಟುವಟಿಕೆಗಷ್ಟೇ ಸೀಮಿತವಾಗಿರಲಿಲ್ಲ.

'ಸಮಾಜ' ಎಂಬುದು ಗಮನಿಸಬೇಕಾದ ಇನ್ನೊಂದು ಪದ. ಪ್ರಾಚೀನ ಪ್ರಯೋಗದಲ್ಲಿ ಇದರ ಅರ್ಥ ಜನ ನೆರೆದು ಆಡಿ ಹಾಡಿ ಉಂಡು ಕುಡಿಯುವ ಉತ್ಸವ. ಅಶೋಕನ ಮೊದಲನೆಯ ಶಿಲಾಶಾಸನವು ಇಂಥ ಸಮಾಜಗಳಲ್ಲಿ ದೋಷವಿದೆಯೆಂದು ಹೇಳುತ್ತಲೇ ಕೆಲವನ್ನು ಒಪ್ಪತಕ್ಕವೆಂದು ಬಿಟ್ಟುಕೊಡುತ್ತದೆ. ಜನ ಸೇರುವ ಜಾಗದ ಬಗ್ಗೆ ಪ್ರಭುತ್ವಕ್ಕಿರುವ ಆತಂಕ ಮತ್ತು ಅನಿವಾರ್ಯವಾದ ಒಪ್ಪಿಗೆ ಅಷ್ಟು ಹಳೆಯದು. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ದೊರೆತದ್ದು ಈ ಶಾಸನವಲ್ಲ. 12 ಮತ್ತು 14ನೆಯ ಶಿಲಾಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಇವುಗಳಲ್ಲಿ 12ನೆಯದರ ವಿಷಯ ಬೇರೆ ಬೇರೆ ಮತಗಳವರು ಪರಸ್ಪರರ ಮಾತನ್ನು ಕೇಳಿ ಹೊಂದಿ ಬಾಳಬೇಕೆಂಬುದು. ಜನ ಕೂಡುವುದನ್ನು ಕುರಿತ ಎರಡು ದೃಷ್ಟಿಗಳು, ಅಂದರೆ ಕೂಟವನ್ನು ನಿಯಂತ್ರಿಸುವ ದೃಷ್ಟಿ ಮತ್ತು ಕೂಟವನ್ನು ಬಾಳಿನ ಅಗತ್ಯವೆಂದು ಕಾಣುವ ದೃಷ್ಟಿ, ಒಂದೇ ಅರಸನ ಶಾಸನಗಳಲ್ಲಿವೆ. ಉತ್ಸವವನ್ನು ಸೂಚಿಸುತ್ತಿದ್ದ ಪದವೇ ಇಂದು ನಮ್ಮಲ್ಲಿ ಇಡೀ ಜನಸಮುದಾಯವನ್ನು ಸೂಚಿಸುತ್ತದೆ ಎಂಬುದು ಅರ್ಥಪೂರ್ಣವಾದ ಸಂಗತಿ.

3. ಕಡಲಿಲ್ಲದ ರಾಜಧಾನಿಯ ಕಡಲು ಮತ್ತು ಉಪವನ

ಸುಮಾರು ಕ್ರಿ.ಶ. 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನಿಂದ ರಚಿತವಾದ 'ಕವಿರಾಜಮಾರ್ಗ'ವು ದಂಡಿಯ 'ಕಾವ್ಯಾದರ್ಶ'ವನ್ನು ಹಲವೆಡೆ ಅನುಸರಿಸುವ ಗ್ರಂಥ. ದಂಡಿಯು ಮಹಾಕಾವ್ಯಕ್ಕೆ ಹೇಳಿದ ವರ್ಣನೆಗಳಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳ ಬೆನ್ನಿಗೇ ಉದ್ಯಾನಕ್ರೀಡೆ, ಜಲಕ್ರೀಡೆ, ಮಧುಪಾನಗಳು ಬರುತ್ತವೆ. ಅಷ್ಟಾದಶ ವರ್ಣನೆಗಳೆಂದು ಹೆಸರಾದ ಈ ಪಟ್ಟಿಯನ್ನು ಕನ್ನಡ ಚಂಪೂ ಕವಿಗಳು ಶತಮಾನಗಳ ಕಾಲ ಪಾಲಿಸಿದರು. ಇಪ್ಪತ್ತನೆಯ ಶತಮಾನದ ವಿಮರ್ಶೆ ಇದನ್ನು ಬಹುಮಟ್ಟಿಗೆ ಕವಿಸಮಯದ ಹೊರೆಯೆಂದು ಕಂಡಿತು. ಕಥೆಯ ಓಟಕ್ಕೆ ಅಡ್ಡಿ, ಕಂಡರಿಯದ್ದರ ಯಾಂತ್ರಿಕ ವರ್ಣನೆ ಎಂಬ ಆಕ್ಷೇಪಗಳು ಪರಿಚಿತವಾದವು. ಅವು ನಿರಾಧಾರವೂ ಅಲ್ಲ.

ಆದರೂ ಮಾನ್ಯಖೇಟದ ಸಂದರ್ಭದಲ್ಲಿ ಈ ಪಟ್ಟಿಗೆ ಚಾರಿತ್ರಿಕ ಅರ್ಥವೊಂದಿದೆ. ಈ ರಾಜಧಾನಿಗೂ ಕಡಲಿಗೂ ನಡುವೆ ಎಂಬತ್ತು ಸಿಂಧೀ ಪರಸಂಗಗಳ ದೂರವಿದೆಯೆಂದು ಹತ್ತನೆಯ ಶತಮಾನದ ಅರಬ್ ಲೇಖಕ ಅಲ್ ಮಸೂದಿ ಬರೆದಿದ್ದಾನೆ. ಇಷ್ಟು ಒಳನಾಡಿನ ನಗರ ಕಡಲ ವರ್ತಕರ ಬಾಯಲ್ಲಿ 'ಮಾಂಕೀರ್' ಎಂದು ಪ್ರಸಿದ್ಧವಾಗಿತ್ತು. ಅದರ ಅರಸ 'ಬಲ್ಹರಾ', ಅಂದರೆ ವಲ್ಲಭರಾಜ, ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು 851ರಷ್ಟು ಹಿಂದೆಯೇ ಸುಲೇಮಾನನ ಹೆಸರಿನ ವೃತ್ತಾಂತ ಹೇಳಿತ್ತು. 926ರ ಚಿಂಚಣಿ ತಾಮ್ರಶಾಸನದಂತೆ ಕೊಂಕಣ ತೀರದ ಸಂಜಾನ ಪ್ರದೇಶವನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನು ಮಧುಮತಿ ಎಂಬ ಸಂಸ್ಕೃತೀಕೃತ ಹೆಸರಿನ ಒಬ್ಬ ಅರಬ್ ಮುಸ್ಲಿಮ. ಹೀಗಾಗಿ ಮಾನ್ಯಖೇಟದ ಕವಿಗೆ ಕಡಲು ದೂರದ್ದಾದರೂ ಅಪರಿಚಿತವಾಗಿರಲಿಲ್ಲ. ಅದು ಅವನ ನಾಡಿನ ಆಳ್ವಿಕೆಯ ಅಂಚು. ವರ್ಣನೆಗಳ ಪಟ್ಟಿಯಲ್ಲಿ ನಗರದಿಂದ ಸಮುದ್ರಕ್ಕೆ, ಅಲ್ಲಿಂದ ಉದ್ಯಾನಕ್ಕೆ ಸಾಗುವ ಕ್ರಮವು ಅರಸನು ನೋಡಬೇಕಾದ, ನೋಡಿ ತನ್ನದೆಂದುಕೊಳ್ಳಬೇಕಾದ ಲೋಕದ ಕ್ರಮವೂ ಹೌದು. ಉದ್ಯಾನಕ್ರೀಡೆ ಈ ಅರ್ಥದಲ್ಲಿ ಪ್ರಭುತ್ವದ ಚಿಹ್ನೆ. ಅಲ್ಲಿ ವಿಹರಿಸುವವನು ನಾಯಕ; ಗಿಡ ನೆಟ್ಟವನ, ನೀರು ಹೊತ್ತವನ, ಕಾವಲು ನಿಂತವನ ಹೆಸರು ವರ್ಣನೆಯೊಳಗೆ ಬರುವುದಿಲ್ಲ.

ಈ ಚಿಹ್ನೆಯನ್ನು ಒಳಗಿನಿಂದಲೇ ಬಿರುಕುಗೊಳಿಸಿದ ಒಬ್ಬ ಕವಿ ಮಾನ್ಯಖೇಟದಲ್ಲಿದ್ದ. ಆತ ಅಪಭ್ರಂಶ ಕವಿ ಪುಷ್ಪದಂತ. ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ ಅವನು 'ಮಹಾಪುರಾಣ'ವನ್ನು 959ರಲ್ಲಿ ಆರಂಭಿಸಿ 965ರಲ್ಲಿ ಮುಗಿಸಿದ. ಕಾವ್ಯದ ಆರಂಭದಲ್ಲಿ ಅವನೇ ಹೇಳಿಕೊಂಡಿರುವಂತೆ, ದಾರಿ ನಡೆದು ಬಳಲಿ ಬಂದ ಕವಿ ನಗರವನ್ನು ಹೊಗದೆ ಹೊರಗಿನ ತೋಪಿನಲ್ಲಿ ತಂಗುತ್ತಾನೆ. ಈ ನಿರ್ಜನ ಸ್ಥಳದಲ್ಲಿ ಏಕಿರುವಿರೆಂದು ಇಬ್ಬರು ವಿಚಾರಿಸಿದಾಗ, ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಗಿರಿಯ ಗುಹೆಯಲ್ಲಿ ಹುಲ್ಲು ತಿಂದು ಬಾಳುವುದು ಮೇಲು ಎಂಬರ್ಥದ ಉತ್ತರ ಕೊಡುತ್ತಾನೆ. ರಾಜಧಾನಿಯ ಅಂಚಿನ ತೋಪು ಇಲ್ಲಿ ಕ್ರೀಡಾಸ್ಥಾನವಲ್ಲ, ಸ್ವಾಭಿಮಾನಿಯಾದ ಬಡವನ ಆಶ್ರಯ. ಊರಿನ ಬಾಗಿಲನ್ನು ದಾಟಲು ಒಲ್ಲದವನಿಗೂ ಊರಿನ ಮರದ ನೆರಳು ಸಿಗುತ್ತದೆ. ಉದ್ಯಾನವರ್ಣನೆಯ ಶಾಸ್ತ್ರೀಯ ಚೌಕಟ್ಟಿನಲ್ಲಿ ಹಿಡಿಸದ ಈ ಪ್ರಸಂಗ ವಿಹಾರದ ಚರಿತ್ರೆಯಲ್ಲಿ ಮಹತ್ವದ ದಾಖಲೆ.

972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡ. ಆ ನಾಶವನ್ನು ಕುರಿತು ಪುಷ್ಪದಂತನ ಹೆಸರಿನಲ್ಲಿರುವ ಸಂಸ್ಕೃತ ಪದ್ಯವೊಂದು ಅವನ ಕೃತಿಯ ಹಸ್ತಪ್ರತಿಗಳಲ್ಲಿ ಉಳಿದುಬಂದಿದೆ. ಅದರಲ್ಲಿ ನಗರದ ಗುಣಗಳಾಗಿ ಮುಖ್ಯವಾಗಿ ಹೇಳಿರುವುದು ಅದು ದೀನ ಅನಾಥರ ಸಂಪತ್ತಾಗಿತ್ತು, ಸದಾ ಜನಭರಿತವಾಗಿತ್ತು, ಹೂವರಳಿದ ಬಳ್ಳಿದೋಟಗಳಿಂದ ಕೂಡಿತ್ತು, ವಿದಗ್ಧರಿಗೆ ಪ್ರಿಯವಾಗಿತ್ತು ಎಂಬುದು. ಅಂಥ ನಗರ ಸುಟ್ಟುಹೋದ ಮೇಲೆ ತಾನೆಲ್ಲಿ ನೆಲೆಸಲಿ ಎಂಬ ಪ್ರಶ್ನೆಯೊಂದಿಗೆ ಪದ್ಯ ಮುಗಿಯುತ್ತದೆ. ಶಾಸನಕವಿಗಳು ಇಂದ್ರನ ಪಟ್ಟಣವನ್ನು ನಾಚಿಸುವ ನಗರವೆಂದು ಮಾನ್ಯಖೇಟವನ್ನು ಹೊಗಳಿದ್ದುಂಟು. ಪುಷ್ಪದಂತನೂ ಆ ಹೋಲಿಕೆಯನ್ನು ಬಿಟ್ಟಿಲ್ಲ. ಆದರೆ ದಿಕ್ಕಿಲ್ಲದವರು, ಜನಸಂದಣಿ, ಹೂದೋಟ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಅವನ ವಿಶೇಷ. ನಗರದ ಹಸಿರಿಗೂ ನಗರದ ಕರುಣೆಗೂ ಸಂಬಂಧವಿದೆಯೆಂಬ ಅರಿವು ಹತ್ತನೆಯ ಶತಮಾನದ ಮಳಖೇಡದ ಕವಿಯಲ್ಲಿತ್ತು.

4. ಸಮವಸರಣ: ಕಾವ್ಯದ ಸಾರ್ವಜನಿಕ ಉಪವನ

ಪ್ರಾಚೀನ ಕಾವ್ಯದಲ್ಲಿ ಎಲ್ಲರಿಗೂ ತೆರೆದ ಉದ್ಯಾನದ ಕಲ್ಪನೆಯೇ ಇಲ್ಲವೆಂಬ ತೀರ್ಮಾನಕ್ಕೆ ಬರುವ ಮೊದಲು ಜೈನ ಪುರಾಣಗಳ ಸಮವಸರಣವನ್ನು ಗಮನಿಸಬೇಕು. ತೀರ್ಥಂಕರನಿಗೆ ಕೇವಲಜ್ಞಾನ ಉಂಟಾದಾಗ ದೇವತೆಗಳು ನಿರ್ಮಿಸುವ ಈ ಸಭಾಮಂಟಪದ ವಿಸ್ತಾರವಾದ ವರ್ಣನೆ ಜಿನಸೇನಾಚಾರ್ಯರ ಸಂಸ್ಕೃತ 'ಆದಿಪುರಾಣ'ದಲ್ಲಿದೆ. ಜಿನಸೇನರು ಅಮೋಘವರ್ಷನಿಗೆ ಗುರುಸಮಾನರಾಗಿದ್ದವರು. ಪಂಪನ ಕನ್ನಡ 'ಆದಿಪುರಾಣ' (941) ಆ ಪರಂಪರೆಯಲ್ಲಿ ಬಂದದ್ದು. ಸಮವಸರಣದಲ್ಲಿ ನೀರಿನ ಕಂದಕವಿದೆ, ಲತಾವನವಿದೆ, ಅಶೋಕ, ಸಪ್ತಪರ್ಣ, ಚಂಪಕ, ಮಾವುಗಳ ಉಪವನಗಳಿವೆ, ನಾಟ್ಯಶಾಲೆಗಳಿವೆ. ಅಷ್ಟಾದಶ ವರ್ಣನೆಯ ಉದ್ಯಾನದಲ್ಲಿರುವುದೆಲ್ಲ ಇಲ್ಲಿಯೂ ಇದೆ. ಆದರೆ ಒಡೆಯನ ಸುಖಕ್ಕಾಗಿ ಇಲ್ಲ. ದೇವತೆಗಳು, ಮುನಿಗಳು, ಆರ್ಯಿಕೆಯರು, ಮನುಷ್ಯರು, ಪಶುಪಕ್ಷಿಗಳು ಎಲ್ಲರಿಗೂ ಹನ್ನೆರಡು ಕೋಷ್ಠಗಳಲ್ಲಿ ಸ್ಥಾನವುಂಟು. ಹುಟ್ಟುಹಗೆಗಳಾದ ಪ್ರಾಣಿಗಳೂ ಅಲ್ಲಿ ಹಗೆಯನ್ನು ಮರೆಯುತ್ತವೆ.

ಅರಸನ ವಿಹಾರಕ್ಕೆಂದು ರೂಪುಗೊಂಡ ಕಾವ್ಯಸಾಮಗ್ರಿಯನ್ನೇ ಬಳಸಿ ಸರ್ವಜೀವಿಗಳ ಕೂಟವೊಂದನ್ನು ಕಟ್ಟಿದ ಈ ಕಲ್ಪನೆಯನ್ನು ಮತೀಯ ವಿವರವೆಂದು ಬದಿಗಿಡುವುದು ಸರಿಯಲ್ಲ. ಅದೇ ಹೊತ್ತಿಗೆ ಇದರ ಮಿತಿಯನ್ನೂ ಹೇಳಬೇಕು. ಸಮವಸರಣದಲ್ಲಿ ಎಲ್ಲರಿಗೂ ಪ್ರವೇಶವಿದ್ದರೂ ಪ್ರತಿಯೊಬ್ಬರಿಗೂ ಗೊತ್ತುಪಡಿಸಿದ ಕೋಷ್ಠವಿದೆ. ಸೇರುವುದಕ್ಕೆ ಅವಕಾಶವಿದೆ, ಬೆರೆಯುವುದಕ್ಕಲ್ಲ. ಆಮೇಲಿನ ಎಲ್ಲ ಸಾರ್ವಜನಿಕ ಸ್ಥಳಗಳ ಸಮಸ್ಯೆಯೂ ಇದೇ ಆಗಿದೆ. ಪಂಪನಲ್ಲಿ ಈ ಕೂಟಕ್ಕೆ ದಾರಿಯಾಗುವುದು ಕೂಡ ಒಂದು ಮನರಂಜನೆಯ ಭಂಗದಿಂದ ಎಂಬುದನ್ನು ಮರೆಯಲಾಗದು. ಆಸ್ಥಾನದಲ್ಲಿ ಕುಣಿಯುತ್ತಿದ್ದ ನೀಳಾಂಜನೆ ಕುಣಿತದ ನಡುವೆಯೇ ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರ ಅವಳ ಸ್ಥಾನದಲ್ಲಿ ಮತ್ತೊಬ್ಬಳನ್ನು ಸೃಷ್ಟಿಸುತ್ತಾನೆ. ಉಳಿದವರು ಅರಿಯದ ಈ ಬದಲಾವಣೆಯನ್ನು ಪುರುದೇವನೊಬ್ಬ ಅರಿಯುತ್ತಾನೆ. ರಂಜನೆ ನಿಲ್ಲಬಾರದೆಂಬ ಆಸ್ಥಾನದ ನಿಯಮವನ್ನೂ ಅದಕ್ಕಾಗಿ ತೆರಬೇಕಾದ ಬೆಲೆಯನ್ನೂ ಒಟ್ಟಿಗೆ ಕಾಣಿಸಿದ ಪ್ರಸಂಗವಿದು.

ಇದೇ ಪಂಪ 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿಯ ನಂದನವನವನ್ನು ನೆನೆದದ್ದು ಕನ್ನಡಿಗರ ನಿತ್ಯಸ್ಮರಣೆಯಲ್ಲಿದೆ. ಕವಿ ಇದ್ದದ್ದು ರಾಷ್ಟ್ರಕೂಟರ ಸಾಮಂತನಾದ ಎರಡನೆಯ ಅರಿಕೇಸರಿಯ ಆಸ್ಥಾನದಲ್ಲಿ, ಇಂದಿನ ತೆಲಂಗಾಣದ ವೇಮುಲವಾಡದಲ್ಲಿ. ಹಂಬಲಿಸಿದ್ದು ಮಲೆನಾಡಿನ ಸೆರಗಿನ ಬನವಾಸಿಗೆ, ಇಂದಿನ ಕರಾವಳಿ ಜಿಲ್ಲೆಯಾದ ಉತ್ತರ ಕನ್ನಡದ ನೆಲಕ್ಕೆ. ಆ ಪದ್ಯಗಳ ಸೌಂದರ್ಯ ಪ್ರಶ್ನಾತೀತ. ಆದರೆ ಅವುಗಳನ್ನೇ ನಾಡಿನ ಪ್ರಕೃತಿಪ್ರೇಮದ ಮಾನದಂಡವಾಗಿ ಮಾಡಿಕೊಂಡ ನಂತರದ ಓದು ಒಂದು ಭೂಗೋಳವನ್ನು ಸ್ಥಾಪಿಸಿತು. ನವೋದಯದ ಕಾಲಕ್ಕೆ ಕುವೆಂಪು ಅವರ ಮಲೆನಾಡು, ಕಾರಂತರ ಕರಾವಳಿಗಳು ಆ ಭೂಗೋಳವನ್ನು ಗಟ್ಟಿಗೊಳಿಸಿದವು. ಹಸಿರಿದ್ದಲ್ಲಿ ಪ್ರಕೃತಿ, ಪ್ರಕೃತಿಯಿದ್ದಲ್ಲಿ ವಿಹಾರ ಎಂಬ ಸಮೀಕರಣದಲ್ಲಿ ಬಯಲುಸೀಮೆಯ ಈಶಾನ್ಯ ಮೂಲೆಗೆ ಉಳಿದದ್ದು ಬರ, ಬಿಸಿಲು, ಗುಳೆ. ಈ ಮೂರೂ ನಿಜ. ಆದರೆ ಬಿಸಿಲ ನಾಡಿನ ಜನ ಬಿಡುವನ್ನು ಹೇಗೆ ಕಳೆದರು ಎಂಬ ಪ್ರಶ್ನೆಯನ್ನು ಆ ಮಾನದಂಡ ಕೇಳಲೇ ಇಲ್ಲ.

5. ಬಯಲು ಎಂಬ ವಿಹಾರಭೂಮಿ

ಈ ಪ್ರಶ್ನೆಗೆ ಉತ್ತರ 'ಬಯಲಾಟ' ಎಂಬ ಪದದಲ್ಲಿಯೇ ಇದೆ. ಕರಾವಳಿಯ ಯಕ್ಷಗಾನಕ್ಕೂ ಒಳನಾಡಿನ ದೊಡ್ಡಾಟಕ್ಕೂ ಇರುವ ಸಮಾನ ಹೆಸರು ಇದು. ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕೃತಿಯ ಹೆಸರು 'ಯಕ್ಷಗಾನ ಬಯಲಾಟ'. ಕಡಲತೀರದಲ್ಲಿ ಕೊಯ್ಲು ಮುಗಿದ ಗದ್ದೆ, ಇಲ್ಲಿ ಊರ ಮುಂದಿನ ಬಯಲು. ಎರಡೂ ಕಡೆ ಆಟಕ್ಕೆಂದೇ ಮೀಸಲಾದ ನೆಲವಿಲ್ಲ. ದುಡಿಮೆಯ ನೆಲ ಕೆಲಕಾಲ ಆಟದ ನೆಲವಾಗಿ ಮತ್ತೆ ದುಡಿಮೆಗೆ ಮರಳುತ್ತದೆ. ಗೋಡೆಯಿಲ್ಲದ, ಬೇಸಾಯದ ಪಂಚಾಂಗಕ್ಕೆ ಹೊಂದಿಕೊಂಡ ಈ ವಿಹಾರಭೂಮಿ ಕನ್ನಡ ನಾಡಿನ ಎರಡು ತುದಿಗಳಿಗೂ ಸಾಮಾನ್ಯವಾದದ್ದು. ಹಾಗೆ ನೋಡಿದರೆ ಉದ್ಯಾನಗಳ ಪಟ್ಟಿಯಿಂದ ಕರಾವಳಿ ನಗರವನ್ನು ಅರ್ಥ ಮಾಡಿಕೊಳ್ಳುವುದು ಕರಾವಳಿಗೂ ನ್ಯಾಯ ಒದಗಿಸುವ ಕ್ರಮವಲ್ಲ.

ಸೇಡಂ-ಚಿತ್ತಾಪುರ ಭಾಗದಲ್ಲಿ ಬಯಲಿನ ವಿಹಾರಕ್ಕೆ ಸ್ಪಷ್ಟವಾದ ನಿದರ್ಶನ ಎಳ್ಳ ಅಮಾವಾಸ್ಯೆ. ಜನರ ಮಾತಿನಲ್ಲಿ ಎಳ್ಳಮಾಸಿ. ಹಿಂಗಾರಿ ಜೋಳ ಎದೆಮಟ್ಟ ಬೆಳೆದು, ಕಡಲೆ ಹಸಿರಾಗಿರುವ ಹೊತ್ತಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಕಾಳು-ಸೊಪ್ಪುಗಳನ್ನು ಕೂಡಿಸಿ ಮಾಡಿದ ಭಜ್ಜಿ, ಅಂಬಲಿ, ಎಳ್ಳಿನ ಹೋಳಿಗೆಗಳು ಆ ದಿನದ ಊಟ. ಮೊದಲು ಹೊಲದ ಸುತ್ತ ಚರಗ ಚೆಲ್ಲಿ ಭೂಮಿಗೆ ಉಣಿಸಿ ಆಮೇಲೆ ಉಣ್ಣುತ್ತಾರೆ. ಪಟ್ಟಣ ಸೇರಿದವರು, ಹೊಲವಿಲ್ಲದ ನೌಕರರು ಪರಿಚಿತರ ಕರೆಯ ಮೇಲೆ ಬಂದು ಸೇರುತ್ತಾರೆ. ಕಾವ್ಯದ ವನವಿಹಾರದಲ್ಲಿ ನಾಯಕನು ದುಡಿಮೆ ಕಾಣದ ತೋಟಕ್ಕೆ ಹೋದರೆ, ಎಳ್ಳಮಾಸಿಯಲ್ಲಿ ದುಡಿಯುವವನು ತಾನು ದುಡಿದ ನೆಲಕ್ಕೇ ಅತಿಥಿಯಂತೆ ಹೋಗುತ್ತಾನೆ. ನಾಗರಪಂಚಮಿಯಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು ಮರಕ್ಕೆ ಕಟ್ಟಿದ ಜೋಕಾಲಿ ಆಡುವುದನ್ನೂ ಈ ಸಾಲಿನಲ್ಲಿಯೇ ಪರಿಗಣಿಸಬೇಕು. ಊರ ಮರವೊಂದು ಕೆಲವು ದಿನ ಹೆಣ್ಣುಮಕ್ಕಳ ಹಕ್ಕಿನ ಜಾಗವಾಗುವುದು ಸಣ್ಣ ಸಂಗತಿಯಲ್ಲ.

ಮೊಹರಂ ಇನ್ನೊಂದು ನಿದರ್ಶನ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ರಿವಾಯತ್ ಪದಗಳಾಗಿ ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ. ಶೋಕದ ಕಥನವೇ ಕುಣಿತವಾಗುವ ಈ ಆಚರಣೆಯನ್ನು 'ಮನರಂಜನೆ' ಎಂದು ಕರೆಯಲಾಗದು, ಬರಿಯ ಮತಾಚರಣೆಯೆಂದೂ ಹೇಳಲಾಗದು. ಕಡಕೋಳ ಮಡಿವಾಳಪ್ಪನಂಥವರ ತತ್ವಪದಗಳನ್ನು ಹಾಡುವ ಇರುಳಿನ ಭಜನೆಯೂ ಹೀಗೆಯೇ ಎರಡು ವರ್ಗಗಳ ನಡುವೆ ನಿಲ್ಲುತ್ತದೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನದ ಪ್ರಕಾರ ಘಟಿಕಾಸ್ಥಾನವಿತ್ತು. ವೇದ ಓದುವ 200 ವಿದ್ಯಾರ್ಥಿಗಳೂ ಶಾಸ್ತ್ರ ಓದುವ 50 ವಿದ್ಯಾರ್ಥಿಗಳೂ ಆರು ಮಂದಿ ಸರಸ್ವತೀ ಭಂಡಾರಿಗರೂ ಅಲ್ಲಿದ್ದರು. ಇಂದು ನಾಗಾವಿಯ ಹೆಸರು ಸುತ್ತಲಿನ ಜನರ ಬಾಯಲ್ಲಿರುವುದು ಯಲ್ಲಮ್ಮನ ಜಾತ್ರೆಯಿಂದ. ವಿದ್ಯಾಸ್ಥಾನ ಅಳಿದ ನೆಲವನ್ನು ಜಾತ್ರೆ ಜನರ ನೆನಪಿನಲ್ಲಿ ಉಳಿಸಿಕೊಂಡಿದೆ.

ಇಷ್ಟಾದರೂ ಬಯಲನ್ನು ಆದರ್ಶೀಕರಿಸುವುದು ವಿಮರ್ಶೆಯ ಕೆಲಸವಲ್ಲ. ಜಾನಪದ ಅಧ್ಯಯನಗಳು 'ಇಡೀ ಊರು ಸೇರುತ್ತದೆ' ಎಂಬ ವಾಕ್ಯವನ್ನು ಬಹಳ ಸುಲಭವಾಗಿ ಬರೆದಿವೆ. ಹಲಗೆಯ ಪೆಟ್ಟಿಲ್ಲದೆ ಅಲಾಯಿ ಕುಣಿತವಿಲ್ಲ, ಜಾತ್ರೆಯ ಮೆರವಣಿಗೆಯಿಲ್ಲ. ಆದರೆ ಹಲಗೆ ಬಾರಿಸುವವನಿಗೆ ಅದೇ ಊರಿನ ಗುಡಿಯಲ್ಲಿ, ಬಾವಿಯಲ್ಲಿ ಸಮಾನ ಹಕ್ಕಿತ್ತೆಂದು ಹೇಳುವಂತಿಲ್ಲ. ಎಳ್ಳಮಾಸಿಯ ಊಟಕ್ಕೆ ಹೊಲವಿಲ್ಲದವನು ಹೊಲದವನ ಕರೆಯನ್ನು ಕಾಯಬೇಕು. ಬಯಲಾಟದ ಹೆಣ್ಣುವೇಷಗಳನ್ನು ಗಂಡಸರೇ ಕಟ್ಟುತ್ತಿದ್ದರು. ದೇವರ ಹೆಸರಿನಲ್ಲಿ ಬಿಟ್ಟ ಹೆಣ್ಣುಮಕ್ಕಳ ಬಾಳನ್ನು ಊರಿನ ರಂಜನೆ ನುಂಗಿದ ಚರಿತ್ರೆಯೂ ಈ ಸೀಮೆಗಿದೆ. ಕಲಬುರಗಿ ಸೀಮೆಯ ಕೆಳಸ್ತರದ ಸಮುದಾಯಗಳ, ಅದರಲ್ಲಿಯೂ ಹೆಣ್ಣುಮಕ್ಕಳ ಬಾಳನ್ನು ಅಲ್ಲಿನ ಮಾತಿನಲ್ಲಿಯೇ ಬರೆದ ಗೀತಾ ನಾಗಭೂಷಣರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಇಂಥ ಕೃತಿಗಳನ್ನು ಓದಿದ ಮೇಲೆ ಬಯಲು ಎಲ್ಲರದೆಂಬ ಮಾತನ್ನು ಪರೀಕ್ಷಿಸದೆ ಒಪ್ಪುವುದು ಸಾಧ್ಯವಿಲ್ಲ. ಸಮವಸರಣದಂತೆ ಬಯಲಿಗೂ ಕೋಷ್ಠಗಳಿವೆ, ಕಣ್ಣಿಗೆ ಕಾಣುವ ಗೆರೆಗಳಿಲ್ಲ ಅಷ್ಟೆ.

6. ಉದ್ಯಾನದ ಆಗಮನ

ಆಧುನಿಕ ಸಾರ್ವಜನಿಕ ಉದ್ಯಾನದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಗೆ ಸೇರಿದ್ದ ಈ ಭಾಗಕ್ಕೆ ಉದ್ಯಾನದ ಕಲ್ಪನೆ ಬಂದದ್ದು 'ಬಾಗ್' ಎಂಬ ಪಾರಸಿ ಪದದೊಂದಿಗೆ. ಹೈದರಾಬಾದಿನ ಹಳೆಯ ಸಾರ್ವಜನಿಕ ಉದ್ಯಾನದ ಹೆಸರು ಬಾಗ್-ಎ-ಆಮ್, ಅಂದರೆ ಸಾಮಾನ್ಯರ ತೋಟ. ಕಲಬುರಗಿಯಲ್ಲಿಯೂ ಮೆಹಬೂಬ್ ಗುಲ್ಶನ್ ಎಂಬ ಉದ್ಯಾನವಿದೆ. 'ಆಮ್' ಎಂಬ ವಿಶೇಷಣ ಇಲ್ಲಿ ಮುಖ್ಯ. ಅರಸನು ಕೊಟ್ಟದ್ದೇ ಆದರೂ ಜಾತಿ ಕೇಳದೆ ಒಳಗೆ ಬಿಡುವ, ಕಟ್ಟೆಯ ಮೇಲೆ ಯಾರ ಪಕ್ಕದಲ್ಲಿ ಯಾರೂ ಕೂರಬಹುದಾದ ಸ್ಥಳವೊಂದು ತಾತ್ತ್ವಿಕವಾಗಿಯಾದರೂ ಸಾಧ್ಯವಾಯಿತು. ಬಯಲಿಗೆ ಇಲ್ಲದ ಈ ಗುಣ ಉದ್ಯಾನಕ್ಕಿದೆ.

ಆದರೆ ಸೇಡಂ, ವಾಡಿ, ಶಹಾಬಾದಗಳಿಗೆ ಉದ್ಯಾನ ಮುಖ್ಯವಾಗಿ ಬಂದದ್ದು ಬೇರೆ ದಾರಿಯಿಂದ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಆ ದಾರಿಯಲ್ಲಿವೆ. ಶಹಾಬಾದಿನ ಹಾಸುಗಲ್ಲು ದಖ್ಖನಿನ ಊರೂರುಗಳ ನೆಲವಾಯಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ರೂಪುಗೊಂಡಾಗ ಶಹಾಬಾದಿನ ಸಿಮೆಂಟ್ ಕಂಪನಿಯೂ ಅವುಗಳಲ್ಲಿ ಸೇರಿತ್ತು. ಮುಂದೆ ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. ಇಂಥ ಕೈಗಾರಿಕೆಗಳೊಂದಿಗೆ ಬರುವ ವಸತಿಗಳಲ್ಲಿ ಸಾಲುಮರ, ಹೂದೋಟ, ಕ್ಲಬ್ಬು, ಮೈದಾನಗಳು ಕಾಣಿಸಿಕೊಳ್ಳುತ್ತವೆ. ರೈಲ್ವೆ ಕಾಲೊನಿಗಳಲ್ಲಿ 'ಇನ್‌ಸ್ಟಿಟ್ಯೂಟ್' ಎಂಬ ರಂಜನಾಗೃಹಗಳಿರುತ್ತವೆ. ಇವು ಭಾಷೆ, ಪ್ರಾಂತ ಬೇರೆಯಾದ ಕಾರ್ಮಿಕ ಕುಟುಂಬಗಳನ್ನು ಒಂದೆಡೆ ತಂದವು ಎಂಬುದನ್ನು ಒಪ್ಪಲೇಬೇಕು. ಆದರೆ ಅವುಗಳ ವೇಳೆಯನ್ನು ಗೊತ್ತುಪಡಿಸುವುದು ಪಾಳಿಯ ಸೈರನ್ನು, ಪ್ರವೇಶವನ್ನು ಗೊತ್ತುಪಡಿಸುವುದು ಗೇಟು. ಗೇಟಿನ ಒಳಗಿನ ಹಸಿರಿಗೂ ಹೊರಗಿನ ದೂಳಿಗೂ ಮೂಲ ಒಂದೇ ಕಲ್ಲು. ಕಾವ್ಯದ ಉಪವನದಂತೆಯೇ ಇದು ನೆಟ್ಟ ತೋಟ, ಗೋಡೆಯ ತೋಟ. ಒಡೆಯ ಮಾತ್ರ ಬದಲಾಗಿದ್ದಾನೆ. ಋತುವನ್ನು ಅನುಸರಿಸಿದ ವಿಹಾರ, ಸುಗ್ಗಿಯನ್ನು ಅನುಸರಿಸಿದ ವಿಹಾರ, ಪಾಳಿಯನ್ನು ಅನುಸರಿಸಿದ ವಿಹಾರ ಎಂಬ ಮೂರು ಕಾಲಮಾನಗಳು ಹೀಗೆ ಒಂದೇ ತಾಲೂಕಿನಲ್ಲಿ ಅಕ್ಕಪಕ್ಕದಲ್ಲಿವೆ.

ಚಿಂಚೋಳಿಯ ಸ್ಥಿತಿ ಸ್ವಲ್ಪ ಭಿನ್ನ. ಚಂದ್ರಂಪಳ್ಳಿ ಜಲಾಶಯವನ್ನು ಒಳಗೊಂಡ ಸುಮಾರು 135 ಚದರ ಕಿಲೋಮೀಟರಿನ ಕುರುಚಲು ಮತ್ತು ಎಲೆಯುದುರುವ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಬಿಸಿಲ ನಾಡಿನಲ್ಲಿಯೂ ಕಾಡಿದೆಯೆಂಬ ತಿಳಿವಳಿಕೆಗೆ ಇದರಿಂದ ಅಧಿಕೃತ ಮುದ್ರೆ ಬಿದ್ದಿತು. ಕಾಡಿನ ಆಸುಪಾಸಿನ ತಾಂಡಾಗಳ ಲಂಬಾಣಿ ಜನರಿಗೆ ಆ ಕಾಡು ಸೌದೆ, ಮೇವು, ದಾರಿ. ವಾರಾಂತ್ಯದ ಪ್ರವಾಸಿಗೆ ಅದು ಜಲಪಾತ, ಅಣೆಕಟ್ಟು, ಛಾಯಾಚಿತ್ರ. ಒಬ್ಬರ ಜೀವನಾಧಾರ ಇನ್ನೊಬ್ಬರ ವಿಹಾರತಾಣವಾಗುವಾಗ ಯಾರ ಪ್ರವೇಶಕ್ಕೆ ಅನುಮತಿ ಬೇಕಾಗುತ್ತದೆ ಎಂಬುದು ಪರಿಸರದ ಪ್ರಶ್ನೆಯಷ್ಟೇ ಅಲ್ಲ, ಸಂಸ್ಕೃತಿಯ ಪ್ರಶ್ನೆಯೂ ಹೌದು.

7. ಉಪಸಂಹಾರ

ಕರಾವಳಿಯೊಂದಿಗಿನ ಹೋಲಿಕೆಯನ್ನು ಈಗ ಬೇರೆ ಬಗೆಯಲ್ಲಿ ಮುಂದಿಡಬಹುದು. ಮಂಗಳೂರಿನ ಉದ್ಯಾನಗಳು ಇಲ್ಲಿಲ್ಲ ಎಂಬುದು ಹೋಲಿಕೆಯ ತಿರುಳಲ್ಲ. ಎರಡೂ ಕಡೆ ಬಯಲು ಗೋಡೆಯೊಳಗೆ ಸರಿಯುತ್ತಿರುವುದು ಹೋಲಿಕೆಯ ತಿರುಳು. ಕರಾವಳಿಯಲ್ಲಿ ಟಿಕೀಟಿನ ಡೇರೆ ಮೇಳಗಳು ಬಂದಾಗ ಆಟದ ಸುತ್ತ ಬಟ್ಟೆಯ ಗೋಡೆ ಎದ್ದಿತು. ಹರಕೆಯಾಟಗಳು ತೆರೆದ ಬಯಲನ್ನು ಉಳಿಸಿಕೊಂಡವು. ಪಿಲಿಕುಳದಲ್ಲಿ ಗುತ್ತಿನ ಮನೆಯೊಂದನ್ನು ಕಟ್ಟಿ ಪ್ರದರ್ಶನಕ್ಕಿಟ್ಟಿರುವುದು ಶ್ಲಾಘ್ಯವಾದ ಸಂರಕ್ಷಣೆ. ಆದರೆ ಬದುಕಿನೊಳಗಿದ್ದದ್ದು ಉದ್ಯಾನದೊಳಗಿನ ವಸ್ತುವಾಗುವ ಪ್ರಕ್ರಿಯೆಗೂ ಅದು ಉದಾಹರಣೆ. ಸೇಡಂ, ಶಹಾಬಾದಗಳಲ್ಲಿ ಇದೇ ಪ್ರಕ್ರಿಯೆ ಪ್ರದರ್ಶನದ ಹಂತವನ್ನೂ ತಲಪದೆ, ಗಣಿ ಮತ್ತು ಬಡಾವಣೆಗಳ ರೂಪದಲ್ಲಿ ನಡೆಯುತ್ತದೆ. ಕಲ್ಲು ತೆಗೆದ ಹೊಂಡದಲ್ಲಿ ಆಟ ಕಟ್ಟಲಾಗದು, ಚರಗ ಚೆಲ್ಲಲಾಗದು.

ಕರ್ನಾಟಕದ 1985ರ ಕಾಯಿದೆಯೊಂದು ಉದ್ಯಾನ, ಆಟದ ಮೈದಾನ, ತೆರೆದ ಸ್ಥಳ ಈ ಮೂರನ್ನೂ ಒಟ್ಟಿಗೆ ಹೆಸರಿಸಿ ಅವುಗಳ ಸಂರಕ್ಷಣೆಯನ್ನು ಹೇಳುತ್ತದೆ. ಮೊದಲೆರಡನ್ನು ಗುರುತಿಸುವುದು ಸುಲಭ. ಮೂರನೆಯದನ್ನು ಖಾಲಿ ಜಾಗವೆಂದು ಕಾಣುವ ರೂಢಿಯೇ ಹೆಚ್ಚು. ವರ್ಷಕ್ಕೆ ಹತ್ತು ದಿನ ಅಲಾಯಿ ಕುಣಿಯಾಗಿ, ಒಂದು ವಾರ ಜಾತ್ರೆಯಾಗಿ, ಉಳಿದ ದಿನ ಬರಿದಾಗಿ ಕಾಣುವ ನೆಲ ಏಕೆ ಖಾಲಿಯಲ್ಲ ಎಂಬುದನ್ನು ಹೇಳಬಲ್ಲದ್ದು ಆ ನೆಲದ ಸಾಂಸ್ಕೃತಿಕ ಚರಿತ್ರೆ ಮಾತ್ರ. ಕಾನೂನು ಕಾಪಾಡುವುದು ಗುರುತಿಸಿದ್ದನ್ನು. ಗುರುತಿಸುವ ಕೆಲಸ ವಿದ್ವತ್ತಿನದು. ಕವಿರಾಜಮಾರ್ಗಕಾರನು ಉದ್ಯಾನಕ್ರೀಡೆಯ ಶಾಸ್ತ್ರವನ್ನು ಅನುಸರಿಸಿದಂತೆಯೇ ಚತ್ತಾಣ, ಬೆದಂಡೆಗಳೆಂಬ ದೇಸಿ ರೂಪಗಳನ್ನೂ ಹೆಸರಿಸಿದ. ಓದು ಬಲ್ಲದವರಲ್ಲಿಯೂ ಕಾವ್ಯಪ್ರಜ್ಞೆಯಿದೆಯೆಂದು ಒಪ್ಪಿಕೊಂಡ. ಆ ಎರಡು ಕಣ್ಣುಗಳ ನೋಟವನ್ನು ಅವನ ನೆಲದ ಅಧ್ಯಯನವೇ ಮರೆತಿದೆ.

ಆದಕಾರಣ ಎರಡು ಕೆಲಸಗಳು ಅಗತ್ಯವೆಂದು ತೋರುತ್ತದೆ. ಪ್ರಾಚೀನ ಕಾವ್ಯದ ಉಪವನ, ಜಲಕ್ರೀಡೆ, ಸಮವಸರಣಗಳ ವರ್ಣನೆಗಳನ್ನು ಸಾರ್ವಜನಿಕ ಸ್ಥಳದ ಚರಿತ್ರೆಗೆ ಆಕರಗಳೆಂದು ಮರಳಿ ಓದಬೇಕು. ಈ ಐದು ಊರುಗಳ ಜಾತ್ರೆಯ ಬಯಲು, ಅಲಾಯಿ ಕಟ್ಟೆ, ಆಟದ ಅಟ್ಟ ಕಟ್ಟುವ ಸ್ಥಳ, ಚರಗದ ಹೊಲದಾರಿಗಳನ್ನು ಅವುಗಳ ಹೆಸರು, ವೇಳೆ ಮತ್ತು ಅಲ್ಲಿ ಯಾರಿಗೆ ಯಾವ ಸ್ಥಾನವಿತ್ತು ಎಂಬ ವಿವರದೊಂದಿಗೆ ದಾಖಲಿಸಬೇಕು. ಉದ್ಯಾನದ ಸಮಾನ ಪ್ರವೇಶವನ್ನು ಬಯಲಿಗೂ, ಬಯಲಿನ ಬಾಗಿಲಿಲ್ಲದ ಗುಣವನ್ನು ಉದ್ಯಾನಕ್ಕೂ ತರುವುದು ಹೇಗೆಂಬ ಚರ್ಚೆಗೆ ಅಂಥ ದಾಖಲೆಯೇ ಆಧಾರವಾಗಬಲ್ಲದು. ತನ್ನ ನಗರವನ್ನು ದಿಕ್ಕಿಲ್ಲದವರ ಸಂಪತ್ತೆಂದೂ ಹೂದೋಟಗಳ ನೆಲೆಯೆಂದೂ ಒಟ್ಟಿಗೆ ಕಂಡ ಮಳಖೇಡದ ಕವಿಯ ದೃಷ್ಟಿ ಈ ಕೆಲಸಕ್ಕೆ ಇಂದಿಗೂ ಯೋಗ್ಯವಾದ ಮಾರ್ಗದರ್ಶಿ.